ಶನಿವಾರದ ಎದುರಾಳಿಯನ್ನು ಓದುವ ಬಗೆ: ಕಾಲೇಜ್ ಫುಟ್‌ಬಾಲ್ ಮುನ್ನೋಟ ಬರೆಯುವವರಿಗೊಂದು ಮಾರ್ಗದರ್ಶಿ

ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಒಂದು ತಂಡಕ್ಕೆ ಸೀಸನ್ನಿನಲ್ಲಿ ಖಾತ್ರಿಯಾಗಿ ಸಿಗುವುದು 12 ಪಂದ್ಯ. ವಾರಕ್ಕೊಂದು, ಬಹುಪಾಲು ಶನಿವಾರ. ಒಂದೇ ಒಂದು ಸೋಲು ಇಡೀ ವರ್ಷದ ಲೆಕ್ಕವನ್ನು ತಲೆಕೆಳಗು ಮಾಡಬಹುದು. ಹಾಗಾಗಿ ಭಾನುವಾರದಿಂದ ಶುಕ್ರವಾರದವರೆಗೂ ಅಭಿಮಾನಿಗಳ ಬಾಯಲ್ಲಿ ಒಂದೇ ಪ್ರಶ್ನೆ: ಈ ಸಲ ಎದುರಿಗೆ ಬರುವವರು ಹೇಗಿದ್ದಾರೆ? ಓದಲೆಂದು ಕೊಲಂಬಸ್ಸಿಗೋ ಆನ್ ಆರ್ಬರ್‌ಗೋ ಆಸ್ಟಿನ್ನಿಗೋ ಹೋಗಿ ಈ ಆಟದ ರುಚಿ ಹತ್ತಿಸಿಕೊಂಡ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಗೆಳೆಯರ ಬಳಗಕ್ಕೋ ಕ್ಯಾಂಪಸ್ ಪತ್ರಿಕೆಗೋ ಪಂದ್ಯದ ಮುನ್ನೋಟ ಬರೆಯಬೇಕು ಅನ್ನುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಡೌನ್, ಯಾರ್ಡ್, ಕ್ವಾರ್ಟರ್‌ಬ್ಯಾಕ್ ಅಂದರೇನು ಎಂಬುದು ನಿಮಗೆ ಗೊತ್ತಿದೆ ಎಂದೇ ತಿಳಿಯುತ್ತೇನೆ.

ಸಾಮಾನ್ಯವಾಗಿ ಕಾಣಸಿಗುವ ಮುನ್ನೋಟ ಹೀಗಿರುತ್ತದೆ: ಎದುರಾಳಿ ಇಷ್ಟು ಗೆದ್ದಿದ್ದಾರೆ, ಇಷ್ಟು ಸೋತಿದ್ದಾರೆ, ಪಂದ್ಯಕ್ಕೆ ಸರಾಸರಿ ಇಷ್ಟು ಪಾಯಿಂಟ್ ಹೊಡೆಯುತ್ತಾರೆ, ಅವರ ಕ್ವಾರ್ಟರ್‌ಬ್ಯಾಕ್ ಇಂಥವನು, ಆದರೂ ನಮ್ಮವರೇ ಗೆಲ್ಲುತ್ತಾರೆ. ಇದನ್ನು ಓದಿದವನಿಗೆ ಶನಿವಾರ ಮೈದಾನದಲ್ಲಿ ಎಲ್ಲಿ ಕಣ್ಣಿಡಬೇಕು ಎಂಬುದು ತಿಳಿಯುವುದಿಲ್ಲ. ನನ್ನ ಮಟ್ಟಿಗೆ ಮುನ್ನೋಟದ ಕೆಲಸ ಒಂದೇ. ಎರಡು ತಂಡಗಳು ಒಂದಕ್ಕೊಂದು ತಾಗುವ ಜಾಗ ಯಾವುದು, ಅಲ್ಲಿ ಯಾರ ಕೈ ಮೇಲಾಗಬಹುದು ಎಂದು ತೋರಿಸುವುದು. ಎಡಗೈ ಬ್ಯಾಟರ್ ಬಂದ ಕೂಡಲೇ ಕ್ಯಾಪ್ಟನ್ ಆಫ್‌ಸ್ಪಿನ್ನರ್ ಕೈಗೆ ಚೆಂಡು ಕೊಡುವುದನ್ನು ನೋಡುತ್ತಾ ಬೆಳೆದ ನಮಗೆ ಇದು ಹೊಸ ಮಾತಲ್ಲ.

ಉದಾಹರಣೆಗೆ ಒಂದು ಪಂದ್ಯ ಇಟ್ಟುಕೊಳ್ಳೋಣ. 2024ರ ನವೆಂಬರ್ 30, ಕೊಲಂಬಸ್‌ನ ಓಹಾಯೋ ಸ್ಟೇಡಿಯಂ. ಓಹಾಯೋ ಸ್ಟೇಟ್ 10 ಗೆದ್ದು 1 ಸೋತಿತ್ತು, ದೇಶದಲ್ಲಿ ಎರಡನೇ ಸ್ಥಾನ. ಎದುರಿಗೆ ಹಳೇ ವೈರಿ ಮಿಷಿಗನ್, 6 ಗೆಲುವು 5 ಸೋಲು, ರ‍್ಯಾಂಕಿಂಗ್ ಪಟ್ಟಿಯಲ್ಲೇ ಹೆಸರಿಲ್ಲ. ಓಹಾಯೋ ಸ್ಟೇಟ್ ಸುಮಾರು 20 ಪಾಯಿಂಟ್‌ಗಳಿಂದ ಗೆಲ್ಲುತ್ತದೆ ಎಂದು ಬಾಜಿ ಮಾರುಕಟ್ಟೆ ಲೆಕ್ಕ ಹಾಕಿತ್ತು. ಗೆದ್ದದ್ದು ಮಿಷಿಗನ್, 13-10. ಪಂದ್ಯ ಮುಗಿದ ಮೇಲೆ ಎಲ್ಲರೂ ಇದನ್ನು ಪವಾಡ ಅಂದರು. ಸುಳಿವುಗಳು ಮಾತ್ರ ಆ ವಾರದ ಗುರುವಾರದ ಹೊತ್ತಿಗೇ ಕಣ್ಣೆದುರು ಇದ್ದವು. ಅವನ್ನು ಹೇಗೆ ಹುಡುಕಬಹುದಿತ್ತು ಎಂಬುದನ್ನು ಹಂತ ಹಂತವಾಗಿ ನೋಡೋಣ.

ಮೊದಲ ಹಂತ: ನಿಮ್ಮದೇ ತಂಡದ ಗಾಯಗಳನ್ನು ಬರೆದಿಡಿ

ಎದುರಾಳಿಯ ಹೆಸರು ಹುಡುಕುವ ಮುಂಚೆ ಒಂದು ಹಾಳೆಯಲ್ಲಿ ನಿಮ್ಮ ತಂಡದ ಮೂರು ದುರ್ಬಲ ಜಾಗಗಳನ್ನು ಬರೆಯಿರಿ. ಅಭಿಮಾನ ಪಕ್ಕಕ್ಕಿಟ್ಟು ಬರೆಯಬೇಕು. ಇದನ್ನು ಮಾಡದಿದ್ದರೆ ಎದುರಾಳಿಯ ಯಾವ ಗುಣ ನಿಮಗೆ ಮುಖ್ಯ ಎಂಬುದೇ ತಿಳಿಯುವುದಿಲ್ಲ.

ಆ ವಾರ ಓಹಾಯೋ ಸ್ಟೇಟ್ ಅಭಿಮಾನಿಯ ಹಾಳೆಯಲ್ಲಿ ಮೊದಲ ಸಾಲು ಆಫೆನ್ಸಿವ್ ಲೈನ್ ಆಗಬೇಕಿತ್ತು. ಅಂದರೆ ಕ್ವಾರ್ಟರ್‌ಬ್ಯಾಕನ್ನು ಕಾಯುವ, ಓಟಕ್ಕೆ ದಾರಿ ಮಾಡುವ ಐವರು: ನಡುವೆ ಸೆಂಟರ್, ಅವನ ಎರಡೂ ಬದಿ ಗಾರ್ಡ್, ಹೊರತುದಿಗಳಲ್ಲಿ ಟ್ಯಾಕಲ್. ಲೆಫ್ಟ್ ಟ್ಯಾಕಲ್ ಜಾಶ್ ಸಿಮನ್ಸ್ ಅಕ್ಟೋಬರ್ 12ರಂದು ಆರೆಗನ್ ಎದುರು ಮೊಣಕಾಲು ಪೆಟ್ಟು ಮಾಡಿಕೊಂಡು ಸೀಸನ್ನಿನಿಂದಲೇ ಹೊರಬಿದ್ದಿದ್ದ. ಅವನ ಜಾಗ ತುಂಬಲು ಲೆಫ್ಟ್ ಗಾರ್ಡ್ ಡಾನವನ್ ಜ್ಯಾಕ್ಸನ್‌ನನ್ನು ಹೊರಗಡೆಗೆ ಸರಿಸಿದರು. ಆಮೇಲೆ ನವೆಂಬರಿನಲ್ಲಿ ಸೆಂಟರ್ ಸೆತ್ ಮೆಕ್‌ಲಾಫ್ಲಿನ್ ಅಭ್ಯಾಸದ ವೇಳೆ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡ. ಕಾರ್ಸನ್ ಹಿನ್ಸ್‌ಮನ್ ಸೆಂಟರ್ ಜಾಗಕ್ಕೆ ಬಂದ. ಅಂದರೆ ಲೈನಿನ ಒಳಭಾಗದ ಜೋಡಣೆ ಹೊಸದು, ಒಟ್ಟಿಗೆ ಆಡಿದ್ದು ಇಂಡಿಯಾನಾ ಎದುರಿನ ಒಂದೇ ಪಂದ್ಯ. ಆ ಪಂದ್ಯ 38-15ರಿಂದ ಗೆದ್ದಿದ್ದರಿಂದ ಈ ವಿಷಯ ಮರೆತೇ ಹೋಯಿತು. ಗೆದ್ದ ವಾರದಲ್ಲಿ ಗಾಯಗಳು ಮುಚ್ಚಿಹೋಗುತ್ತವೆ, ಮುನ್ನೋಟ ಬರೆಯುವವರು ಬಗೆದು ನೋಡಬೇಕಾದದ್ದು ಆಗಲೇ.

ಎರಡನೇ ಹಂತ: ಈ ವರ್ಷದ ಎದುರಾಳಿ ಯಾರು

ಕಳೆದ ವರ್ಷದ ನೆನಪಿನ ಮೇಲೆ ಮುನ್ನೋಟ ಬರೆಯುವ ಕಾಲ ಹೋಯಿತು. 2018ರಲ್ಲಿ, ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ಹಾಕುವ ಟ್ರಾನ್ಸ್‌ಫರ್ ಪೋರ್ಟಲ್ ಶುರುವಾಯಿತು. 2021ರಿಂದ ಆಟಗಾರರು ಒಂದು ಸಲ ಕಾಲೇಜು ಬದಲಿಸಿ ಕೂಡಲೇ ಆಡಬಹುದಾಯಿತು, 2024ರಿಂದ ಎಷ್ಟು ಸಲ ಬೇಕಾದರೂ. ಅದೇ 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಮುಖದಿಂದ ದುಡ್ಡು ಮಾಡಿಕೊಳ್ಳಲೂ ಅನುಮತಿ ಸಿಕ್ಕಿತು. ಪರಿಣಾಮವಾಗಿ ಒಂದೇ ಚಳಿಗಾಲದಲ್ಲಿ ತಂಡದ ಅರ್ಧ ಮುಖ ಬದಲಾಗಿರುತ್ತದೆ. ಇಂಡಿಯಾನಾ 2023ರಲ್ಲಿ ಗೆದ್ದದ್ದು 3 ಪಂದ್ಯ. ಜೇಮ್ಸ್ ಮ್ಯಾಡಿಸನ್‌ನಿಂದ ಕರ್ಟ್ ಸಿಗ್ನೆಟ್ಟಿ ಕೋಚ್ ಆಗಿ ಬಂದರು, ಜೊತೆಗೆ ಅಲ್ಲಿನ ಹಲವು ಆಟಗಾರರನ್ನೂ ಕರೆತಂದರು. 2024ರಲ್ಲಿ ಅದೇ ಇಂಡಿಯಾನಾ 11 ಪಂದ್ಯ ಗೆದ್ದು ಪ್ಲೇಆಫ್‌ಗೆ ಹೋಯಿತು. ಹಳೇ ಇಂಡಿಯಾನಾವನ್ನು ತಲೆಯಲ್ಲಿಟ್ಟುಕೊಂಡು ಬರೆದ ಮುನ್ನೋಟಗಳೆಲ್ಲ ಕಸದ ಬುಟ್ಟಿಗೆ ಹೋದವು.

ಹಾಗಾಗಿ ಇಲ್ಲಿ ಮೂರು ಹೆಸರು ಹುಡುಕಿ: ಆಫೆನ್ಸ್ ನಡೆಸುವ ಕೋಆರ್ಡಿನೇಟರ್, ಡಿಫೆನ್ಸ್ ನಡೆಸುವ ಕೋಆರ್ಡಿನೇಟರ್, ಕ್ವಾರ್ಟರ್‌ಬ್ಯಾಕ್. ಮೂವರೂ ಮುಂಚೆ ಎಲ್ಲಿದ್ದರು ನೋಡಿ. ಕೋಆರ್ಡಿನೇಟರ್ ಹೋದಲ್ಲೆಲ್ಲ ತನ್ನ ಚಾಳಿಯನ್ನು ಜೊತೆಗೇ ಒಯ್ಯುತ್ತಾನೆ. ಹೆಚ್ಚು ಬ್ಲಿಟ್ಜ್ (ಕ್ವಾರ್ಟರ್‌ಬ್ಯಾಕ್ ಮೇಲೆ ಹೆಚ್ಚುವರಿ ಡಿಫೆಂಡರ್‌ಗಳ ದಾಳಿ) ಕಳಿಸುವವನು ಹೊಸ ಊರಿನಲ್ಲೂ ಕಳಿಸುತ್ತಾನೆ. ಕ್ವಾರ್ಟರ್‌ಬ್ಯಾಕ್ ಬೇರೆ ಕಾಲೇಜಿನಿಂದ ಬಂದವನಾದರೆ ಅಲ್ಲಿ ಆಡಿದ ಒಂದೆರಡು ಪಂದ್ಯ ನೋಡಿ. ಒತ್ತಡದಲ್ಲಿ ಅವನು ಯಾವ ಕಡೆಗೆ ಓಡುತ್ತಾನೆ ಎಂಬ ಅಭ್ಯಾಸ ಜೆರ್ಸಿ ಬದಲಾದ ಮಾತ್ರಕ್ಕೆ ಬದಲಾಗುವುದಿಲ್ಲ.

ಮೂರನೇ ಹಂತ: ಸರಿಯಾದ ಪಂದ್ಯ ಆರಿಸಿ, ಚೆಂಡು ಬಿಟ್ಟು ನೋಡಿ

ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಬಹಳ ಜನ ಎದುರಾಳಿಯ ಕೊನೆಯ ಪಂದ್ಯ ಮಾತ್ರ ನೋಡುತ್ತಾರೆ. ಮಿಷಿಗನ್ನಿನ ಕೊನೆಯ ಪಂದ್ಯ ನಾರ್ತ್‌ವೆಸ್ಟರ್ನ್ ಎದುರು 50-6. ಅದರಿಂದ ಕಲಿಯುವುದು ಏನೂ ಇರಲಿಲ್ಲ. ಆಡುವ ಶೈಲಿಯಲ್ಲಿ, ಬಲದಲ್ಲಿ ನಿಮ್ಮ ತಂಡಕ್ಕೆ ಹತ್ತಿರವಿರುವ ಯಾರ ಎದುರು ಅವರು ಆಡಿದ್ದಾರೋ ಆ ಪಂದ್ಯ ಆರಿಸಬೇಕು. ಇಲ್ಲಿ ಅದು ನವೆಂಬರ್ 9ರ ಇಂಡಿಯಾನಾ ಪಂದ್ಯ. ಆ ವರ್ಷ ಪಂದ್ಯಕ್ಕೆ ಸರಾಸರಿ 40ಕ್ಕೂ ಹೆಚ್ಚು ಪಾಯಿಂಟ್ ಹೊಡೆಯುತ್ತಿದ್ದ ಇಂಡಿಯಾನಾವನ್ನು ಮಿಷಿಗನ್ 20ಕ್ಕೆ ಕಟ್ಟಿಹಾಕಿ, ಬರೀ 5 ಪಾಯಿಂಟ್ ಅಂತರದಲ್ಲಿ ಸೋತಿತ್ತು. ಪಟ್ಟಿಯಲ್ಲಿ ಅದು ಇನ್ನೊಂದು ಸೋಲು. ಕುಳಿತು ನೋಡಿದವರಿಗೆ ಆ ಡಿಫೆನ್ಸ್ ಎಷ್ಟು ಗಟ್ಟಿಯಾಗಿದೆ ಎಂದು ಕಾಣುತ್ತಿತ್ತು.

ನೋಡುವ ಕ್ರಮ ಹೀಗೆ. ಒಂದೊಂದು ಆಟ (ಪ್ಲೇ) ಶುರುವಾಗುವ ಮುಂಚಿನ ಕ್ಷಣದಲ್ಲಿ ವಿಡಿಯೋ ನಿಲ್ಲಿಸಿ. ಲೈನಿನ ಎದುರು, ಎರಡು ಟ್ಯಾಕಲ್‌ಗಳ ನಡುವಿನ ಜಾಗದಲ್ಲಿ ಡಿಫೆನ್ಸಿನವರು ಎಷ್ಟು ಜನ ನಿಂತಿದ್ದಾರೆ ಎಣಿಸಿ. ಆರು ಜನವಿದ್ದರೆ ಓಟ ಸುಲಭ, ಎಂಟು ಇದ್ದರೆ ಹೊರಗಡೆ ಪಾಸ್ ಹಿಡಿಯುವ ರಿಸೀವರ್‌ಗಳಿಗೆ ಜಾಗ ಬಿಟ್ಟಿದ್ದಾರೆ ಎಂದರ್ಥ. ಹಿಂದೆ ಆಳದಲ್ಲಿ ಕಾವಲಿಗೆ ನಿಲ್ಲುವ ಸೇಫ್ಟಿ ಒಬ್ಬನೋ ಇಬ್ಬರೋ? ಟಿವಿ ಕ್ಯಾಮೆರಾದಲ್ಲಿ ಅವರು ಬಹಳ ಸಲ ಚೌಕಟ್ಟಿನಿಂದ ಆಚೆ ಇರುತ್ತಾರೆ. ಮೈದಾನದ ತುದಿಯ ಎಂಡ್ ಜೋನ್ ಕಡೆಯಿಂದ ತೋರಿಸುವ ರೀಪ್ಲೇಯಲ್ಲಿ ಸಿಗುತ್ತಾರೆ. ಈಗ ವಿಡಿಯೋ ಬಿಡಿ, ಆದರೆ ಚೆಂಡಿನ ಹಿಂದೆ ಕಣ್ಣು ಹೋಗದಂತೆ ತಡೆದು ಸೆಂಟರ್ ಮತ್ತು ಅವನ ಎರಡೂ ಬದಿಯ ಗಾರ್ಡ್‌ಗಳನ್ನೇ ನೋಡಿ. ಗಾರ್ಡ್ ಹಿಂದೆ ಸರಿದು ಪಕ್ಕಕ್ಕೆ ಓಡಿದರೆ ಓಟ ಅದೇ ದಿಕ್ಕಿಗೆ. ಎದುರಿನ ಡಿಫೆನ್ಸಿವ್ ಟ್ಯಾಕಲ್ (ಡಿಫೆನ್ಸ್ ಲೈನಿನ ನಡುವೆ ನಿಲ್ಲುವವನು) ಒಬ್ಬನನ್ನು ತಡೆಯಲು ಇಬ್ಬರು ಬೇಕಾಗುತ್ತಿದ್ದಾರೆಯೇ? ಇಬ್ಬರು ಸೇರಿಯೂ ಅವನನ್ನು ಅಲುಗಿಸಲು ಆಗುತ್ತಿಲ್ಲವೇ? ಹಾಗಿದ್ದರೆ ಹಿಂದಿರುವ ಲೈನ್‌ಬ್ಯಾಕರ್‌ನನ್ನು ಮುಟ್ಟಲು ಯಾರೂ ಉಳಿದಿರುವುದಿಲ್ಲ, ಎರಡು ಯಾರ್ಡಿಗೆ ಓಟ ನಿಲ್ಲುತ್ತದೆ.

ಮಿಷಿಗನ್ನಿನಲ್ಲಿ ಅಂಥ ಇಬ್ಬರಿದ್ದರು, ಮೇಸನ್ ಗ್ರಹಾಂ ಮತ್ತು ಕೆನೆತ್ ಗ್ರಾಂಟ್. ಇಬ್ಬರೂ ಡಿಫೆನ್ಸಿವ್ ಟ್ಯಾಕಲ್, ಮುಂದಿನ ವರ್ಷ ಇಬ್ಬರೂ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟಿನ (ಆಟಗಾರರ ಆಯ್ಕೆಯ) ಮೊದಲ ಸುತ್ತಿನಲ್ಲೇ ಹೋದರು. ಈಗ ಮೊದಲ ಹಂತದ ಹಾಳೆ ತೆಗೆದು ಪಕ್ಕದಲ್ಲಿಡಿ. ಓಹಾಯೋ ಸ್ಟೇಟಿನ ಅತಿ ದುರ್ಬಲ ಜಾಗ ಲೈನಿನ ನಡುಭಾಗ, ಮಿಷಿಗನ್ನಿನ ಅತಿ ಬಲವಾದ ಜಾಗವೂ ಅದೇ ನಡುಭಾಗ. ತಾಗುವ ಜಾಗ ಸಿಕ್ಕಿತು. "ನಡುವಿನಲ್ಲಿ ಓಡಲು ಹಠ ಹಿಡಿದರೆ ಈ ಪಂದ್ಯ ಕಷ್ಟ, ಜೆರೆಮಾಯ ಸ್ಮಿತ್, ಎಮೆಕಾ ಎಗ್ಬುಕಾ ಅಂಥ ರಿಸೀವರ್‌ಗಳಿಗೆ ಬೇಗ ಚೆಂಡು ಮುಟ್ಟಿಸಬೇಕು" ಎಂದು ಒಂದು ಸಾಲು ಬರೆದಿದ್ದರೆ ಅದು ಆ ವಾರದ ಅತ್ಯುತ್ತಮ ಮುನ್ನೋಟ ಆಗುತ್ತಿತ್ತು. ಶನಿವಾರ ನಡೆದದ್ದು ಅದೇ. ಓಹಾಯೋ ಸ್ಟೇಟ್ ಮತ್ತೆ ಮತ್ತೆ ನಡುವಿಗೇ ನುಗ್ಗಿ, 26 ಓಟಗಳಲ್ಲಿ 77 ಯಾರ್ಡ್ ಮಾತ್ರ ಗಳಿಸಿತು.

ನೋಡುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಡೌನ್, ಬೇಕಾದ ಯಾರ್ಡ್, ಆಟಗಾರರು ನಿಂತ ರೀತಿ, ಓಟವೋ ಪಾಸೋ, ಬಂದ ಫಲ ಎಂದು ಐದು ಕಾಲಂ ಸಾಕು. ಮೂರನೇ ಡೌನ್‌ಗಳನ್ನು ಮಾತ್ರವಾದರೂ ತಪ್ಪದೆ ಬರೆಯಿರಿ. ಎರಡು ಪಂದ್ಯ ಮುಗಿಯುವ ಹೊತ್ತಿಗೆ ಚಾಳಿಗಳು ತಾವಾಗಿ ಎದ್ದು ಕಾಣುತ್ತವೆ. ಮೂರನೇ ಡೌನ್, 6 ಯಾರ್ಡ್ ಬೇಕಿರುವಾಗಲೂ ಓಡುವ ತಂಡಗಳಿವೆ. ಗೆಲುವಿನ ಪಾಯಿಂಟ್ ತಂದ ಆಟಗಳ ಸರಣಿಯಲ್ಲಿ ಮಿಷಿಗನ್ ಆ ದಿನ ಮಾಡಿದ್ದು ಅದನ್ನೇ, ಕೇಲಲ್ ಮಲ್ಲಿಂಗ್ಸ್ 27 ಯಾರ್ಡ್ ಓಡಿ ಚೆಂಡನ್ನು ಫೀಲ್ಡ್ ಗೋಲಿನ (ಕಂಬಗಳ ನಡುವೆ ಒದ್ದು 3 ಪಾಯಿಂಟ್ ಗಳಿಸುವ) ದೂರಕ್ಕೆ ತಂದ.

ಇನ್ನೊಂದು ಸಣ್ಣ ವಿಷಯ. 2024ರಿಂದ ಕೋಚ್ ಆಟಗಾರನ ಹೆಲ್ಮೆಟ್ಟಿನೊಳಗೆ ನೇರ ಮಾತಾಡಬಹುದು, ಆದರೆ ಪ್ಲೇ ಕ್ಲಾಕಿನಲ್ಲಿ (ಮುಂದಿನ ಆಟ ಶುರುಮಾಡಲು ಇರುವ ಗಡುವಿನಲ್ಲಿ) 15 ಸೆಕೆಂಡ್ ಉಳಿದಾಗ ಸಂಪರ್ಕ ಕಡಿದುಹೋಗುತ್ತದೆ. ಎದುರಾಳಿ ಅದಕ್ಕೂ ಮುಂಚೆ ಲೈನಿಗೆ ಬಂದು ನಿಲ್ಲುತ್ತಾರೋ, ಆಮೇಲೋ ಗಮನಿಸಿ. ಬೇಗ ಬರುವ ತಂಡದ ಕೋಚ್ ನಿಮ್ಮ ಡಿಫೆನ್ಸನ್ನು ನೋಡಿಕೊಂಡೇ ಕ್ವಾರ್ಟರ್‌ಬ್ಯಾಕಿಗೆ ಹೇಳಿಕೊಡುತ್ತಿರುತ್ತಾರೆ.

ನಾಲ್ಕನೇ ಹಂತ: ಅಂಕಿಗಳನ್ನು ತೊಳೆದು ಬಳಸಿ

ಅಂಕಿ-ಅಂಶ ಈಗ ಎಲ್ಲರ ಕೈಗೂ ಸಿಗುತ್ತದೆ. ಹಾಗೇ ಎತ್ತಿ ಹಾಕಿದರೆ ಮೋಸ ಹೋಗುತ್ತೀರಿ.

ಮೊದಲ ಮೋಸ ಓಟದ ಯಾರ್ಡಿನಲ್ಲಿದೆ. ಕಾಲೇಜ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಸ್ಯಾಕ್ ಆದರೆ (ಪಾಸ್ ಎಸೆಯುವ ಮುಂಚೆಯೇ ಅವನನ್ನು ಲೈನಿನ ಹಿಂದೆ ಕೆಡವಿದರೆ) ಕಳೆದುಕೊಂಡ ಯಾರ್ಡನ್ನು ತಂಡದ ಓಟದ ಲೆಕ್ಕದಲ್ಲಿ ಕಳೆಯುತ್ತಾರೆ. ಎನ್‌ಎಫ್‌ಎಲ್‌ನಲ್ಲಿ ಅದು ಪಾಸಿನ ಲೆಕ್ಕಕ್ಕೆ ಹೋಗುತ್ತದೆ. ಒಂದು ತಂಡ 35 ಓಟಕ್ಕೆ 105 ಯಾರ್ಡ್ ಗಳಿಸಿದೆ ಎಂದುಕೊಳ್ಳಿ, ಓಟಕ್ಕೆ 3 ಯಾರ್ಡ್, ತೀರಾ ಸಪ್ಪೆ. ಅದರಲ್ಲಿ 4 ಸ್ಯಾಕ್, ಕಳೆದದ್ದು 30 ಯಾರ್ಡ್ ಎಂದರೆ ನಿಜವಾದ ಓಟ 31ಕ್ಕೆ 135, ಸರಾಸರಿ 4.4. ಎರಡೂ ಬೇರೆ ಬೇರೆ ತಂಡಗಳ ಚಿತ್ರ. ಸ್ಯಾಕ್ ತೆಗೆದು ಹಾಕಿ ಲೆಕ್ಕ ಮಾಡುವ ಅಭ್ಯಾಸ ಒಂದೇ ನಿಮ್ಮ ಮುನ್ನೋಟವನ್ನು ಎಷ್ಟೋ ಮಂದಿಯ ಬರಹಕ್ಕಿಂತ ಮೇಲಕ್ಕೆತ್ತುತ್ತದೆ.

ಎರಡನೆಯದು ವೇಗ. ಬೇಗ ಬೇಗ ಆಡುವ ತಂಡ ಹೆಚ್ಚು ಯಾರ್ಡ್ ಗಳಿಸುತ್ತದೆ, ಹೆಚ್ಚು ಬಿಟ್ಟೂ ಕೊಡುತ್ತದೆ. ಆರ್ಮಿ, ನೇವಿಯಂಥ ಸೈನಿಕ ಅಕಾಡೆಮಿಗಳು ಓಟದ ಮೇಲೇ ನಿಂತ ತಂಡಗಳು, ಗಡಿಯಾರ ನುಂಗುತ್ತವೆ, ಅವರ ಪಂದ್ಯದಲ್ಲಿ ಎರಡೂ ಕಡೆಗೆ ಸಿಗುವ ಅವಕಾಶಗಳೇ ಕಡಿಮೆ. ಮೇಲಾಗಿ 2023ರಿಂದ ಮೊದಲ ಡೌನ್ ಸಿಕ್ಕಾಗ ಗಡಿಯಾರ ನಿಲ್ಲಿಸುವುದನ್ನು ಪ್ರತಿ ಅರ್ಧದ ಕೊನೆಯ ಎರಡು ನಿಮಿಷಕ್ಕೆ ಸೀಮಿತ ಮಾಡಿದ್ದಾರೆ. ಹಾಗಾಗಿ ಪಂದ್ಯಕ್ಕೆ ಎಷ್ಟು ಎಂಬುದನ್ನು ಬಿಟ್ಟು, ಚೆಂಡು ಕೈಗೆ ಬಂದ ಒಂದೊಂದು ಸಲಕ್ಕೂ ಎಷ್ಟು ಪಾಯಿಂಟ್ ಎಂದು ನೋಡಿ.

ಮೂರನೆಯದು ಸಕ್ಸೆಸ್ ರೇಟ್, ನನಗೆ ಬಹಳ ಇಷ್ಟವಾದ ಅಳತೆ. ಮೊದಲ ಡೌನಿನಲ್ಲಿ ಬೇಕಾದ ಯಾರ್ಡಿನ ಅರ್ಧ, ಎರಡನೆಯದರಲ್ಲಿ ಶೇ. 70, ಮೂರು ಮತ್ತು ನಾಲ್ಕರಲ್ಲಿ ಪೂರ್ತಿ ಸಿಕ್ಕರೆ ಆ ಆಟ ಯಶಸ್ವಿ ಎಂದು ಲೆಕ್ಕ. ಎರಡನೇ ಡೌನ್, 10 ಬೇಕು, 6 ಸಿಕ್ಕಿತು, ಆದರೆ ವಿಫಲ. ಮೊದಲನೇ ಡೌನಿನಲ್ಲಿ 5 ಸಿಕ್ಕಿತು, ಯಶಸ್ವಿ. ಸಾಧಾರಣ ತಂಡಗಳು ಶೇ. 40ರ ಆಸುಪಾಸಿನಲ್ಲಿರುತ್ತವೆ. ಒಂದೇ ಒಂದು 75 ಯಾರ್ಡಿನ ಓಟ ಸರಾಸರಿಯನ್ನು ಉಬ್ಬಿಸಿದ್ದರೆ ಈ ಅಳತೆ ಅದನ್ನು ಬಯಲು ಮಾಡುತ್ತದೆ. ಅದೇ ನೋಟ್‌ಬುಕ್ಕಿನಿಂದ ಕೈಯಲ್ಲೇ ಲೆಕ್ಕ ಹಾಕಬಹುದು. ಪಂದ್ಯ ಕೈಬಿಟ್ಟುಹೋದ ಮೇಲೆ ಮೀಸಲು ಆಟಗಾರರು ಬಂದು ಆಡಿದ ಆಟಗಳನ್ನು ಮಾತ್ರ ಸೇರಿಸಬೇಡಿ.

ಕೊನೆಯದಾಗಿ, ಟರ್ನ್‌ಓವರ್ (ಚೆಂಡು ಎದುರಾಳಿಯ ಪಾಲಾಗುವುದು) ಸಂಖ್ಯೆಯನ್ನು ನಂಬಿ ಕೂರಬೇಡಿ. ಕೈಜಾರಿ ನೆಲಕ್ಕೆ ಬಿದ್ದ ಚೆಂಡು, ಅಂದರೆ ಫಂಬಲ್, ಯಾರ ಕೈಗೆ ಸಿಗುತ್ತದೆ ಎಂಬುದು ಹೆಚ್ಚುಕಡಿಮೆ ಅರ್ಧಕ್ಕರ್ಧ ಅದೃಷ್ಟ. ಬಿದ್ದ ಫಂಬಲ್‌ಗಳನ್ನೆಲ್ಲ ತಾನೇ ಎತ್ತಿಕೊಂಡು ಗೆದ್ದ ತಂಡಕ್ಕೆ ಆ ಅದೃಷ್ಟ ಶನಿವಾರವೂ ಇರುತ್ತದೆ ಎಂದು ಬರೆಯಲು ಆಧಾರವಿಲ್ಲ.

ಐದನೇ ಹಂತ: ಕಿಕ್ಕರ್, ಪಂಟರ್

ಮುನ್ನೋಟಗಳಲ್ಲಿ ಇವರಿಗೆ ಒಂದು ಸಾಲೂ ಸಿಗುವುದಿಲ್ಲ. 2023ರಲ್ಲಿ ಐಯೋವಾದ ಆಫೆನ್ಸ್ ಯಾರ್ಡ್ ಲೆಕ್ಕದಲ್ಲಿ ದೇಶಕ್ಕೇ ಕೊನೆ. ಆದರೂ ಆ ತಂಡ 10 ಪಂದ್ಯ ಗೆದ್ದು ತನ್ನ ಕಾನ್ಫರೆನ್ಸ್ (ತಂಡಗಳ ಗುಂಪು) ಬಿಗ್ ಟೆನ್‌ನ ಫೈನಲ್ ತಲುಪಿತು. ಗಟ್ಟಿ ಡಿಫೆನ್ಸಿನ ಜೊತೆ ಪಂಟರ್ (ಚೆಂಡು ಬಿಟ್ಟುಕೊಡುವಾಗ ದೂರಕ್ಕೆ ಒದೆಯುವವನು) ಟೋರಿ ಟೇಲರ್ ಪ್ರತಿ ಸಲ ಎದುರಾಳಿಯನ್ನು ಅವರದೇ ಗೋಲಿನ ಹತ್ತಿರಕ್ಕೆ ದೂಡುತ್ತಿದ್ದ. ನಮ್ಮ ಉದಾಹರಣೆಯ ಪಂದ್ಯದಲ್ಲಿ ಮಿಷಿಗನ್ನಿನ ಡೊಮಿನಿಕ್ ಜ್ವಾಡಾ 54 ಯಾರ್ಡಿನಿಂದ ಒಂದು, 45 ಸೆಕೆಂಡ್ ಉಳಿದಾಗ 21 ಯಾರ್ಡಿನಿಂದ ಗೆಲುವಿನದೊಂದು ಹೊಡೆದ. ಓಹಾಯೋ ಸ್ಟೇಟ್ ಎರಡು ಫೀಲ್ಡ್ ಗೋಲ್ ತಪ್ಪಿಸಿಕೊಂಡಿತು. ಅಂತರ 3 ಪಾಯಿಂಟ್. ಕಿಕ್ಕರ್ 40 ಯಾರ್ಡಿನಾಚೆ ಎಷ್ಟಕ್ಕೆ ಎಷ್ಟು ಹೊಡೆದಿದ್ದಾನೆ ಎಂಬ ಒಂದು ಸಾಲು ಬರೆಯಿರಿ, ಸಾಕು.

ಆರನೇ ಹಂತ: ಯಾರು ಆಡುತ್ತಾರೆ, ಯಾರು ಇಲ್ಲ

ಬಿಗ್ ಟೆನ್ 2023ರಿಂದ, ಇನ್ನೊಂದು ಕಾನ್ಫರೆನ್ಸ್ ಎಸ್‌ಇಸಿ 2024ರಿಂದ ಆಟಗಾರರ ಲಭ್ಯತೆಯ ವರದಿ ಹೊರಡಿಸುತ್ತಿವೆ. ಎಸ್‌ಇಸಿ ವರದಿ ಕಾನ್ಫರೆನ್ಸ್ ಪಂದ್ಯಗಳ ವಾರದಲ್ಲಿ ಬುಧವಾರದಿಂದ ದಿನಾ ಬರುತ್ತದೆ, ಬಿಗ್ ಟೆನ್‌ನದು ಪಂದ್ಯದ ದಿನ. ಆದ್ದರಿಂದ ಬರಹದಲ್ಲಿ ಒಂದು ಪ್ಯಾರಾ ಖಾಲಿ ಬಿಟ್ಟುಕೊಂಡು ಕೊನೆಯಲ್ಲಿ ತುಂಬಿಸಿ. ಡೆಪ್ತ್ ಚಾರ್ಟಿನಲ್ಲಿ (ಯಾವ ಜಾಗಕ್ಕೆ ಮೊದಲು ಯಾರು, ಆಮೇಲೆ ಯಾರು ಎಂಬ ಪಟ್ಟಿ) ಇಬ್ಬರ ಹೆಸರಿನ ನಡುವೆ "ಅಥವಾ" ಕಂಡರೆ ಕೋಚ್ ಇನ್ನೂ ತೀರ್ಮಾನಿಸಿಲ್ಲ, ಇಲ್ಲವೇ ತೋರಿಸಲು ಮನಸ್ಸಿಲ್ಲ. ಸೀಸನ್ನಿನ ಕೊನೆಯಲ್ಲಿ ಇನ್ನೊಂದನ್ನು ನೋಡಿಕೊಳ್ಳಿ: ಹೊಸ ಹುಡುಗರು 4 ಪಂದ್ಯದವರೆಗೆ ಆಡಿದರೂ ಆ ವರ್ಷ ಅವರ ಅರ್ಹತೆಯಲ್ಲಿ (ಕಾಲೇಜ್ ತಂಡಕ್ಕೆ ಆಡಲು ಸಿಗುವ ವರ್ಷಗಳಲ್ಲಿ) ಕಳೆಯುವುದಿಲ್ಲ. ಅಲ್ಲಿವರೆಗೆ ಕಾಪಾಡಿಕೊಂಡ ಹುಡುಗನನ್ನು ದೊಡ್ಡ ಪಂದ್ಯಕ್ಕೆ ಇಳಿಸುವುದು ಉಂಟು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಎದುರಾಳಿ ತಂಡದ ದೊಡ್ಡ ಹೆಸರು ಇಲ್ಲವೆಂದ ಮಾತ್ರಕ್ಕೆ ಗೆದ್ದೆವು ಅಂದುಕೊಳ್ಳಬೇಡಿ. ಮಿಷಿಗನ್ ಆ ದಿನ ತನ್ನ ಅತ್ಯುತ್ತಮ ಕಾರ್ನರ್‌ಬ್ಯಾಕ್ (ರಿಸೀವರ್‌ಗಳನ್ನು ಕಾಯುವ ಡಿಫೆಂಡರ್) ವಿಲ್ ಜಾನ್ಸನ್, ಟೈಟ್ ಎಂಡ್ (ತಡೆಯುವುದರ ಜೊತೆ ಪಾಸ್ ಹಿಡಿಯುವವನು) ಕೋಲ್ಸ್‌ಟನ್ ಲವ್‌ಲ್ಯಾಂಡ್ ಇಬ್ಬರೂ ಇಲ್ಲದೆ ಆಡಿ ಗೆದ್ದಿತು. ಪಾಸಿನಿಂದ ಗಳಿಸಿದ್ದು 62 ಯಾರ್ಡ್ ಮಾತ್ರ. ಇಲ್ಲದವರು ತಾಗುವ ಜಾಗದಲ್ಲಿ ನಿಲ್ಲುವವರೇ ಎಂದು ಕೇಳಿಕೊಳ್ಳಿ.

ಈ ಆಟಗಾರರು ಹೆಚ್ಚಿನವರು 18ರಿಂದ 23ರ ವಯಸ್ಸಿನ ವಿದ್ಯಾರ್ಥಿಗಳು. ಅವರ ಆಟದ ಬಗ್ಗೆ ಎಷ್ಟು ಕಟುವಾಗಿ ಬೇಕಾದರೂ ಬರೆಯಿರಿ. ತಂಡ ತಾನಾಗಿ ಹೇಳದ ಗಾಯ, ಮನೆಯ ವಿಷಯ, ಹಾಸ್ಟೆಲಿನ ಗಾಳಿಮಾತು ನಿಮ್ಮ ಮುನ್ನೋಟಕ್ಕೆ ಬರಕೂಡದು. ಬಾಜಿ ಕಟ್ಟುವವರ ಕಾಟ ಹೆಚ್ಚಿದ ಮೇಲೆ ಸೋತ ರಾತ್ರಿ ಈ ಹುಡುಗರ ಫೋನಿಗೆ ಬರುವ ಬೈಗುಳ ಸಣ್ಣದಲ್ಲ. ನಮ್ಮ ಬರಹ ಅದಕ್ಕೆ ತುಪ್ಪ ಸುರಿಯಬಾರದು.

ಏಳನೇ ಹಂತ: ವಾರದ ಹಿನ್ನೆಲೆ

ಕಳೆದ ವಾರ ಯಾರ ಜೊತೆ ಆಡಿದರು, ಮುಂದಿನ ವಾರ ಯಾರಿದ್ದಾರೆ, ನಡುವೆ ಬಿಡುವು ಸಿಕ್ಕಿತ್ತೇ, ಗಾಳಿ ಎಷ್ಟಿದೆ, ಎಷ್ಟು ದೂರದ ಪ್ರಯಾಣ ಎಂಬುದನ್ನು ನಾಲ್ಕೈದು ಸಾಲಿನಲ್ಲಿ ಮುಗಿಸಿ. 2024ರಲ್ಲಿ ನಾಟರ್ ಡೇಮ್ ಟೆಕ್ಸಸ್ ಎ ಅಂಡ್ ಎಂ ಊರಿಗೇ ಹೋಗಿ ಗೆದ್ದು ಬಂತು, ಮರುವಾರವೇ ತನ್ನ ಮೈದಾನದಲ್ಲಿ ನಾರ್ದರ್ನ್ ಇಲಿನಾಯ್ ಎದುರು 16-14ರಿಂದ ಸೋತಿತು. ಆ ವರ್ಷದ ರಾಷ್ಟ್ರೀಯ ಫೈನಲ್ಲಿಗೆ ಬಂದ ಎರಡೂ ತಂಡಗಳು, ನಾಟರ್ ಡೇಮ್ ಮತ್ತು ಓಹಾಯೋ ಸ್ಟೇಟ್, ಸ್ವಂತ ಮನೆಯಲ್ಲಿ ಯಾರೂ ಎಣಿಸದ ತಂಡಕ್ಕೆ ಸೋತಿದ್ದವು. "ಇವರೆದುರು ಸೋಲುವುದುಂಟೇ" ಎಂಬ ಮಾತು ನಿಮ್ಮ ಮುನ್ನೋಟದಲ್ಲಿ ಇಣುಕಿದರೆ ಅಳಿಸಿಬಿಡಿ.

ಎಂಟನೇ ಹಂತ: ಬರೆಯುವುದು

ಶುಕ್ರವಾರ ಬೆಳಿಗ್ಗೆ ಕೂತು ಬರೆಯುವಾಗ ನಿಮ್ಮಲ್ಲಿ ಹತ್ತು ಪುಟದ ಟಿಪ್ಪಣಿ ಇರುತ್ತದೆ. ಅದರಲ್ಲಿ ಮೂರು ಮುಖಾಮುಖಿಗಳನ್ನು ಮಾತ್ರ ಉಳಿಸಿಕೊಳ್ಳಿ. ಒಂದೊಂದಕ್ಕೂ ಇಬ್ಬರು ಆಟಗಾರರ ಹೆಸರು, ನೀವು ಕಣ್ಣಾರೆ ನೋಡಿದ ಒಂದು ಆಟ, ತೊಳೆದ ಒಂದು ಅಂಕಿ, ಒಂದು "ಹೀಗಾದರೆ ಹಾಗೆ". "ಮೊದಲ ಕ್ವಾರ್ಟರಿನಲ್ಲಿ ನಡುವಿನ ಓಟಕ್ಕೆ ಮೂರು ಯಾರ್ಡಿಗಿಂತ ಕಡಿಮೆ ಸಿಗುತ್ತಿದ್ದರೆ ಎರಡನೇ ಕ್ವಾರ್ಟರಿಗೇ ಪಾಸಿಗೆ ತಿರುಗಬೇಕು" ಎಂಬಂಥ ವಾಕ್ಯ ಓದುಗನ ಕೈಗೆ ಒಂದು ಕನ್ನಡಕ ಕೊಟ್ಟ ಹಾಗೆ, ಅವನು ಪಂದ್ಯವನ್ನು ಅದರ ಮೂಲಕ ನೋಡುತ್ತಾನೆ. ಕಡೆಗೆ ಸ್ಕೋರ್ ಊಹಿಸಿ ಬರೆಯಿರಿ. ಹೆದರಿ ಬಿಡಬೇಡಿ, ಆದರೆ ಕಾರಣ ಜೊತೆಗಿರಲಿ.

ಭಾನುವಾರ ಮತ್ತೆ ಅದೇ ಮೂರು ಮುಖಾಮುಖಿಗಳನ್ನು ಪಂದ್ಯದ ಪ್ಲೇ ಬೈ ಪ್ಲೇ ಜೊತೆ ಹೋಲಿಸಿ. ಸ್ಕೋರ್ ಸರಿ ಬಂದು ಕಾರಣ ತಪ್ಪಿದ್ದರೆ ಅದನ್ನು ಗೆಲುವೆಂದು ಲೆಕ್ಕ ಹಾಕಬೇಡಿ. ಸ್ಕೋರ್ ತಪ್ಪಿ ಕಾರಣ ಸರಿ ಬಂದಿದ್ದರೆ ನಿಮ್ಮ ದಾರಿ ಸರಿಯಿದೆ. ಆಮೇಲೆ ಆ ಟಿಪ್ಪಣಿಯನ್ನು ಕೋಆರ್ಡಿನೇಟರ್ ಹೆಸರಿನಲ್ಲಿ ತೆಗೆದಿಡಿ, ತಂಡದ ಹೆಸರಿನಲ್ಲಿ ಬೇಡ. ಬರುವ ವರ್ಷ ಅದೇ ಮನುಷ್ಯ ಬೇರೆ ಬಣ್ಣದ ಅಂಗಿ ತೊಟ್ಟು ನಿಮ್ಮೆದುರು ಬರುವ ಸಾಧ್ಯತೆ ಬಹಳ.